ಖಾಲಿ ಸೀಟಿಗೆ ಬರೆದ ದಂಡದ ಚೀಟಿ

ಆಸ್ಪತ್ರೆ ಚೌಕದ ಸಂಚಾರ ಪೇದೆಗೆ ಗಾಡಿಯವರೆಲ್ಲ ಸೇರಿ ಇಟ್ಟ ಹೆಸರು ‘ಗದ್ದದ ಸಾಹೇಬರು’. ಎದುರಿಗೆ ಹಾಗೆ ಕರೆಯುವ ಧೈರ್ಯ ಯಾರಿಗೂ ಇರಲಿಲ್ಲ. ಕರೆದಿದ್ದರೆ ಅವನ ಬಾಯಿಂದ ಉದುರುತ್ತಿದ್ದ ಮಾತುಗಳನ್ನು ಇಲ್ಲಿ ಬರೆಯುವಂತಿಲ್ಲ. ಆದರೆ ಹೆಸರು ಸುಮ್ಮನೆ ಹುಟ್ಟಿದ್ದಲ್ಲ. ನಾಲ್ಕು ರಸ್ತೆ ಕೂಡುವಲ್ಲಿ ಅವನು ನಿಂತನೆಂದರೆ ಬಲಗೈ ಹೆಬ್ಬೆರಳು ಸೊಂಟದ ಬೆಲ್ಟಿಗೆ ಸಿಕ್ಕಿಕೊಂಡು ಅಲ್ಲೇ ಮಲಗಿರುತ್ತಿತ್ತು. ದುಡಿಮೆಯೆಲ್ಲ ಎಡಗೈ ಮತ್ತು ಗದ್ದದ್ದು. ಎಡ ಅಂಗೈ ತೋರಿಸಿದರೆ ಒಂದು ಸಾಲು ನಿಂತಿತು. ಗದ್ದವನ್ನು ಒಮ್ಮೆ ಮುಂದಕ್ಕೆ ನೂಕಿದರೆ ಇನ್ನೊಂದು ಸಾಲು ಹೊರಟಿತು. ಗದ್ದ ಓರೆಯಾಗಿ ಹುಬ್ಬು ಮೇಲೇರಿದರೆ, ‘ನೀನೇ ಕಣೋ, ಆ ಕಡೆ ಈ ಕಡೆ ನೋಡಬೇಡ, ಹಿಂದಕ್ಕೆ ತಗೋ’ ಎಂದು ಅರ್ಥ.

ಇದು ಯಾವ ಪುಸ್ತಕದಲ್ಲೂ ಇರಲಿಲ್ಲ. ಆದರೂ ಇಪ್ಪತ್ತೆರಡು ವರ್ಷದಲ್ಲಿ ಲಾರಿಯವರಿಂದ ಹಿಡಿದು ಹಾಲಿನ ವ್ಯಾನಿನವನವರೆಗೆ ಎಲ್ಲರೂ ಕಲಿತಿದ್ದರು. ಹೊಸಬರು ಎರಡು ದಿನದಲ್ಲಿ ಕಲಿಯುತ್ತಿದ್ದರು. ಅಷ್ಟರಲ್ಲೂ ಕಲಿಯದವರಿಗೆ ಮೂರನೆಯ ದಿನ ಅವನ ಬಾಯಿ ಕಲಿಸುತ್ತಿತ್ತು.

ಬಲಗೈ ಸೋಮಾರಿಯಲ್ಲ. ಹನ್ನೊಂದು ವರ್ಷದ ಹಿಂದೆ ಬಸ್ಸೊಂದರ ಪಕ್ಕದ ಕನ್ನಡಿ ಅವನ ಬಲಭುಜಕ್ಕೆ ಬಡಿದಿತ್ತು. ಮೂಳೆ ಕೂಡಿತು, ಊತ ಇಳಿಯಿತು, ಆದರೆ ಕೈ ಎದೆಯ ಮಟ್ಟಕ್ಕೆ ಬಂದು ನಿಲ್ಲುತ್ತಿತ್ತು, ಒಳಗೆ ಯಾರೋ ಮೊಳೆ ಹೊಡೆದ ಹಾಗೆ. ಈ ಸಂಗತಿಯನ್ನು ಅವನು ಆಫೀಸಿನಲ್ಲಿ ಉಸುರಿರಲಿಲ್ಲ. ಅದಕ್ಕೂ ಮೊದಲು ಅವನ ಜೊತೆಗಾರನೊಬ್ಬ ಮಂಡಿ ನೋವೆಂದು ನಿಜ ಹೇಳಿ, ಮರುದಿನವೇ ರೆಕಾರ್ಡ್ ರೂಮಿಗೆ ಹೋಗಿದ್ದ. ವರ್ಷ ತುಂಬುವುದರೊಳಗೆ ಮನುಷ್ಯ ಹಳೆಯ ಫೈಲಿನ ಬಣ್ಣಕ್ಕೆ ತಿರುಗಿದ್ದ. ಅವನ ಗತಿ ಕಂಡ ಮೇಲೆ ಪೇದೆ ತುಟಿ ಹೊಲಿದುಕೊಂಡ.

ಗೊತ್ತಿದ್ದುದು ಹೆಂಡತಿಗೆ ಮಾತ್ರ. ಅವಳು ಅದೇ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಹಾಸಿಗೆ ಹೊದಿಕೆಗಳಿಗೆ ಇಸ್ತ್ರಿ ಹಾಕುತ್ತಿದ್ದಳು. ದಿನಾ ಬೆಳಗ್ಗೆ ಗಂಡನ ಖಾಕಿ ಅಂಗಿಗೆ ಮೊದಲು ಬಲತೋಳು ತೂರಿಸಿ, ಆಮೇಲೆ ಎಡತೋಳು ಎಳೆದು, ಗುಂಡಿ ಹಾಕುವುದು ಅವಳ ಕೆಲಸ.

“ಇವತ್ತಾದ್ರೂ ಡಾಕ್ಟರಿಗೆ ತೋರಿಸ್ರಿ. ಇಡೀ ದಿನ ಆಸ್ಪತ್ರೆ ಬಾಗಿಲಲ್ಲೇ ನಿಂತಿರ್ತೀರ, ಒಳಗೆ ಕಾಲಿಡೋಕೆ ಏನು ದಾಡಿ ನಿಮಗೆ?”

“ತೋರಿಸಿದ್ರೆ ಡಾಕ್ಟರು ಬರೀತಾರೆ. ಬರೆದಿದ್ದು ಆಫೀಸಿಗೆ ಹೋಗುತ್ತೆ. ಆಮೇಲೆ ನಾನು ರೆಕಾರ್ಡ್ ರೂಮಲ್ಲಿ ಕೂತು ಗೆದ್ದಲಿಗೆ ಸಿಗ್ನಲ್ ಕೊಡಬೇಕು.”

“ಕೊಡಿ. ಗೆದ್ದಲಾದ್ರೂ ತಿರುಗಿ ಹಾರ್ನ್ ಹೊಡೆಯಲ್ಲ.”

ಅವಳ ಬಾಯಿಗೆ ಅವನ ಬಾಯಿ ಯಾವತ್ತೂ ಸಾಟಿಯಾಗಿರಲಿಲ್ಲ. ಟೋಪಿ ಹಾಕಿಕೊಂಡು ಹೊರಟುಬಿಡುತ್ತಿದ್ದ.

ಆ ವರ್ಷ ಊರಿಗೆ ಡ್ರೈವರ್ ಇಲ್ಲದ ಗಾಡಿಗಳು ಬಂದವು. ಬರುವುದಕ್ಕೆ ಒಂದು ವಾರ ಮೊದಲು ಠಾಣೆಗೆ ಮೇಲಿನ ಅಧಿಕಾರಿಯೊಬ್ಬರು ಬಂದು ಒಂದು ಹಾಳೆ ಓದಿ ಹೇಳಿದರು: ಈ ಗಾಡಿಗಳಿಗೂ ಉಳಿದ ಗಾಡಿಗಳದ್ದೇ ಕಾನೂನು. ಕೆಂಪು ದೀಪಕ್ಕೆ ನಿಲ್ಲಬೇಕು, ಜನ ದಾಟುವ ಪಟ್ಟೆಗೆ ಮರ್ಯಾದೆ ಕೊಡಬೇಕು, ಪೊಲೀಸರು ಕೈ ಮಾಡಿದರೆ ದೀಪವನ್ನು ಬಿಟ್ಟು ಆ ಕೈಯ ಮಾತು ಕೇಳಬೇಕು.

“ತಪ್ಪು ಮಾಡಿದ್ರೆ ಯಾರ ಹೆಸರಿಗೆ ಬರೆಯೋದು ಸಾರ್?” ಎಂದು ಪೇದೆ ಕೇಳಿದ.

“ಅದನ್ನ ಮೇಲಿನವರು ನೋಡ್ಕೋತಾರೆ,” ಎಂದು ಆ ಮೇಲಿನವರು ಚಹಾ ಮುಗಿಸಿ ಹೊರಟುಹೋದರು.

ಗಾಡಿಗಳು ಬಂದವು. ಬೆಳ್ಳಗೆ, ನುಣ್ಣಗೆ, ತಲೆಯ ಮೇಲೆ ಬೋಗುಣಿ ಮಗುಚಿದಂಥ ಒಂದು ಉಬ್ಬು. ಹಾರ್ನ್ ಇಲ್ಲ, ನುಗ್ಗುವುದಿಲ್ಲ, ಗೆರೆಯ ಹಿಂದೆ ಗೆರೆ ಎಳೆದ ಹಾಗೆ ನಿಲ್ಲುತ್ತವೆ. ಪೇದೆಗೆ ಇದು ಸಮಾಧಾನ ಕೊಡಬೇಕಿತ್ತು. ಬದಲಿಗೆ ಮೈ ಉರಿಯಿತು. ಬೈಯೋಣವೆಂದರೆ ತಪ್ಪಿಲ್ಲ, ತಪ್ಪಿದ್ದರೂ ಬೈಯಲು ಒಂದು ಮುಖವಿಲ್ಲ.

ಮೂರನೆಯ ವಾರ ತಪ್ಪು ಸಿಕ್ಕಿತು. ಸಿಗಬಾರದ ರೀತಿಯಲ್ಲಿ ಸಿಕ್ಕಿತು.

ಬೆಳಗ್ಗೆ ಹನ್ನೊಂದರ ಹೊತ್ತು. ಪೇಟೆ ಕಡೆಯ ರಸ್ತೆಗೆ ಕೆಂಪು ದೀಪ. ಆ ಸಾಲಿನ ಮೊದಲಲ್ಲಿ ಒಂದು ಬಿಳಿ ಗಾಡಿ, ಅದರ ಬೆನ್ನಿಗೇ ಕೂಗುತ್ತ ಬಂದ ಆಂಬುಲೆನ್ಸ್. ಒಂದು ಪಕ್ಕ ರಸ್ತೆ ನಡುವಿನ ಕಟ್ಟೆ, ಇನ್ನೊಂದು ಪಕ್ಕ ತುಂಬಿದ ಬಸ್ಸು. ಪೇದೆ ಕಣ್ಣು ಮಿಟುಕಿಸುವಷ್ಟರಲ್ಲಿ ಉಳಿದ ಮೂರು ರಸ್ತೆ ನಿಲ್ಲಿಸಿದ. ಬಿಳಿ ಗಾಡಿಯತ್ತ ತಿರುಗಿ ಗದ್ದ ನೂಕಿದ. ಪಕ್ಕದ ಸ್ಕೂಟರುಗಳು ಸರ್ರನೆ ಮುಂದೆ ಬಂದು ದಾರಿ ಬಿಟ್ಟವು. ಬಸ್ಸೂ ಒಂದು ಮೊಳ ಪಕ್ಕಕ್ಕೆ ಸರಿಯಿತು, ಆದರೆ ಆಂಬುಲೆನ್ಸಿಗೆ ಆ ಸಂದು ಸಾಲದು. ಬಿಳಿ ಗಾಡಿ ಮಾತ್ರ ನೆಟ್ಟ ಕಂಬ. ಅವನು ಮತ್ತೆ ಗದ್ದ ನೂಕಿದ, ಎಡಗೈ ಬೀಸಿದ, ಸೀಟಿ ಊದಿದ. ಊಹೂಂ.

ಓಡಿಹೋಗಿ ಬಾನೆಟ್ ಮೇಲೆ ಬಡಿದ. ಒಳಗಿನಿಂದ ಜೇನು ಸವರಿದ ಒಂದು ಹೆಣ್ಣುದನಿ ಬಂತು: “ಕೆಂಪು ದೀಪವಿದೆ. ದಯವಿಟ್ಟು ಕಾಯಿರಿ.”

ಆ ‘ದಯವಿಟ್ಟು’ ಕೇಳಿದ್ದೇ ಅವನ ತಲೆಗೆ ರಕ್ತ ಏರಿತು. ತಪ್ಪು ಮಾಡಿದ ಗಾಡಿಯ ಬಳಿ ಅವನದೊಂದು ಪದ್ಧತಿಯಿತ್ತು: ಮೊದಲು ಕಿಟಕಿಯೊಳಗೆ ಕೈ ಹಾಕಿ ಕೀಲಿ ಕಿತ್ತುಕೊಳ್ಳುವುದು, ಮಾತೆಲ್ಲ ಆಮೇಲೆ. ಅಭ್ಯಾಸಬಲದಿಂದ ಎಡಗೈ ಒಳಗೆ ಹೋಯಿತು. ತಡಕಿತು. ಕೀಲಿ ಇಲ್ಲ, ಕೀಲಿ ತೂರಿಸುವ ತೂತೂ ಇಲ್ಲ, ಊಟದ ತಟ್ಟೆಯಷ್ಟು ನುಣುಪಾದ ಹಲಗೆ. ಎರಡು ಬೆರಳು ಗಾಳಿಯನ್ನು ಚಿವುಟುತ್ತ ಉಳಿದವು.

ಹಿಂದಿನ ಸೀಟಿನಲ್ಲಿ ವಯಸ್ಸಾದ ಹೆಂಗಸೊಬ್ಬರು ಊದಿದ ಕೆನ್ನೆಗೆ ಕರವಸ್ತ್ರ ಒತ್ತಿಕೊಂಡು ಕೂತಿದ್ದರು. ನಿವೃತ್ತ ಟೀಚರು.

“ಯಾರಮ್ಮಾ ಇದನ್ನ ಓಡಿಸ್ತಿರೋದು?”

“ನಾನಂತೂ ಅಲ್ಲಪ್ಪಾ. ನಾನು ಹಲ್ಲು ಕೀಳಿಸೋಕೆ ಹೊರಟವಳು.”

“ಮುಂದೆ ಹೋಗು ಅನ್ನಿ ಇದಕ್ಕೆ.”

“ಮೂರು ಸಲ ಅಂದೆ. ಮೂವತ್ತು ವರ್ಷ ಪಾಠ ಹೇಳಿದೀನಿ, ಇಷ್ಟು ಶಿಸ್ತಿನ ದಡ್ಡ ನನ್ನ ಕ್ಲಾಸಲ್ಲಿ ಒಬ್ಬನೂ ಇರಲಿಲ್ಲ.”

ಕೊನೆಗೆ ಹಸಿರು ಬಂತು. ಬಿಳಿ ಗಾಡಿ ಏನೂ ಆಗಿಲ್ಲವೆಂಬಂತೆ ಹೊರಟಿತು, ಆಂಬುಲೆನ್ಸ್ ನುಗ್ಗಿತು. ನಾಲ್ಕು ನಿಮಿಷ ಹೋಗಿತ್ತು. ಒಳಗಿದ್ದವನು ಕಟ್ಟಡದಿಂದ ಬಿದ್ದ ಗಾರೆ ಕೆಲಸದವನು, ಬದುಕಿದ. ಆದರೆ ಬದುಕುತ್ತಾನೆಂದು ಆ ನಾಲ್ಕು ನಿಮಿಷದಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಪೇದೆ ಗಾಡಿಯ ನಂಬರು ಬರೆದುಕೊಂಡಿದ್ದ. ದಂಡದ ಪುಸ್ತಕ ತೆಗೆದು ಮೊಳಕಾಲ ಮೇಲಿಟ್ಟುಕೊಂಡು ಕೂತ. ಪೊಲೀಸ್ ಸೂಚನೆ ಮೀರಿದ್ದು, ಆಂಬುಲೆನ್ಸಿಗೆ ಅಡ್ಡ ನಿಂತದ್ದು, ಎರಡನ್ನೂ ಗೀಚಿದ. ಮೇಲಿನ ಖಾನೆಗಳ ಹತ್ತಿರ ಬಂದು ಪೆನ್ನು ನಿಂತಿತು. ಒಂದೇ ಒಂದು ಖಾನೆ ಖಾಲಿ ಬಿಟ್ಟರೂ ಠಾಣೆಯ ಗುಮಾಸ್ತ ಚೀಟಿಯನ್ನು ಮುಖಕ್ಕೆ ಎಸೆಯುವವರ ಪೈಕಿ. ಸಿಟ್ಟಿನಲ್ಲೇ ತುಂಬಿಸಿದ. ಚಾಲಕನ ಹೆಸರು: ಖಾಲಿ ಸೀಟು. ವಯಸ್ಸು: ಹೊಸದು. ಲೈಸೆನ್ಸ್: ಕೇಳಿದರೂ ಕೊಡಲಿಲ್ಲ. ಸಹಿ: ಕೈ ಇಲ್ಲ.

ಠಾಣೆಯವರು ಎರಡು ದಿನ ಅದನ್ನು ಓದಿ ಓದಿ ನಕ್ಕರು. ಹನ್ನೆರಡನೆಯ ದಿನ ಆ ಗಾಡಿಗಳ ಕಂಪನಿಯಿಂದ ಆಕ್ಷೇಪಣೆ ಬಂದಾಗ ನಗು ನಿಂತಿತು. ನಮ್ಮ ಗಾಡಿ ಕೆಂಪು ದೀಪವನ್ನು ಪಾಲಿಸಿದೆ, ಕಾನೂನು ಮುರಿದಿಲ್ಲ. ಗಾಡಿಯ ಕ್ಯಾಮೆರಾದಲ್ಲಿ ಎಲ್ಲ ದಾಖಲಾಗಿದೆ. ಪೇದೆ ಮಾಡಿದ ಯಾವ ಸನ್ನೆಯೂ ನಿಯಮಪುಸ್ತಕದಲ್ಲಿಲ್ಲ. ಆಂಬುಲೆನ್ಸ್ ತಡವಾದದ್ದು ಆ ಪೇದೆಯಿಂದ. ಚೀಟಿ ರದ್ದಾಗಬೇಕು.

ಇನ್‌ಸ್ಪೆಕ್ಟರ್ ಬಾಗಿಲು ಹಾಕಿ ಕೂರಿಸಿಕೊಂಡು ಹೇಳಿದರು: “ನೋಡಪ್ಪಾ, ನೇರವಾಗಿ ಹೇಳ್ತೀನಿ. ಇದಕ್ಕೆ ವಿಚಾರಣೆ ಇದೆ, ಅಲ್ಲಿ ಚೀಟಿ ಬಿದ್ದುಹೋದ್ರೆ ಆ ನಾಲ್ಕು ನಿಮಿಷ ನಿನ್ನ ತಲೆಗೆ ಬರುತ್ತೆ. ಆಮೇಲೆ ಚೌಕ ಮರೆತುಬಿಡು.”

ಅವತ್ತು ಮನೆಯಲ್ಲಿ ಅವನಿಗೆ ತುತ್ತು ಇಳಿಯಲಿಲ್ಲ. ಹೆಂಡತಿ ಎದುರಿಗೆ ಬಂದು ಕೂತಳು.

“ವಿಚಾರಣೆಯಲ್ಲಿ ಬಲಗೈ ಎತ್ತು ಅಂದ್ರೆ ಏನು ಎತ್ತುತೀರ? ಗದ್ದನಾ?”

ಅವನು ತಟ್ಟೆಯನ್ನು ಪಕ್ಕಕ್ಕೆ ಸರಿಸಿದ.

“ನಿಜ ಹೇಳಿಬಿಡಿ. ಹನ್ನೊಂದು ವರ್ಷ ಈ ತೋಳು ತೂರಿಸಿದೋಳು ನಾನು. ಬಚ್ಚಿಟ್ಟು ಬಚ್ಚಿಟ್ಟು ನಿಮಗಿಂತ ನನಗೆ ಸುಸ್ತಾಗಿದೆ.”

ವಿಚಾರಣೆ ನಡೆದದ್ದು ಸಾರಿಗೆ ಕಚೇರಿಯ ಮೂರನೆಯ ಮಹಡಿಯಲ್ಲಿ. ಗಾಜು ಹಾಸಿದ ಉದ್ದ ಮೇಜು, ಕೀರಲು ಫ್ಯಾನು, ಗೋಡೆಯ ಮೇಲೆ ಚಿತ್ರ ಬೀಳಿಸಲು ಬಿಳಿ ಪರದೆ. ಮೇಜಿನ ತುದಿಯಲ್ಲಿ ವಿಚಾರಣಾಧಿಕಾರಿ, ದಪ್ಪ ಕನ್ನಡಕದ ಹೆಂಗಸು. ಒಂದು ಪಕ್ಕ ಕಂಪನಿಯ ವಕೀಲರು ಮತ್ತು ಗಾಡಿಗೆ ಬುದ್ಧಿ ಕಲಿಸುವ ಎಂಜಿನಿಯರ್ ಹುಡುಗಿ. ಇನ್ನೊಂದು ಪಕ್ಕ ಪೇದೆ, ಅವನ ಸಾಕ್ಷಿಯಾಗಿ ಆಂಬುಲೆನ್ಸ್ ಚಾಲಕ.

ಅಧಿಕಾರಿ ಚೀಟಿ ಎತ್ತಿಕೊಂಡು ಓದಿದರು. “ಖಾಲಿ ಸೀಟು. ವಯಸ್ಸು, ಹೊಸದು.” ಕನ್ನಡಕದ ಮೇಲಿಂದ ನೋಡಿದರು. “ಇದೇನ್ರೀ ಇದು?”

“ಕಂಡಿದ್ದನ್ನ ಬರೆದೆ ಮೇಡಂ.”

ವಕೀಲರು ಪರದೆಯ ಮೇಲೆ ಚಿತ್ರ ಬಿಟ್ಟರು. ಸದ್ದಿಲ್ಲದ ಚಿತ್ರ, ಗಾಡಿಯ ಕಣ್ಣಿಗೆ ಕಂಡದ್ದು. ಪೇದೆ ತನ್ನನ್ನು ತಾನು ಹಾಗೆ ನೋಡಿದ್ದು ಅದೇ ಮೊದಲು. ನಡುರಸ್ತೆಯಲ್ಲಿ ನರೆತ ಮೀಸೆಯ ಒಬ್ಬ ಮನುಷ್ಯ, ಒಂದು ಕೈ ಸತ್ತ ಹಾಗೆ ಬೆಲ್ಟಿಗೆ ಜೋತಿದೆ, ಕೋಳಿಯಂತೆ ಕತ್ತು ಮುಂದಕ್ಕೆ ಹಿಂದಕ್ಕೆ ಆಡಿಸುತ್ತಿದ್ದಾನೆ. ಅವನ ಕಿವಿ ಬಿಸಿಯಾದವು.

“ಇದು ಯಾವ ಪುಸ್ತಕದ ಸನ್ನೆ? ‘ಮುಂದೆ ಬಾ’ ಅನ್ನೋಕೆ ಬಲಗೈ ಭುಜದ ಮೇಲೆ ಎತ್ತಿ ಮಡಚಬೇಕು ಅಂತ ಸ್ಪಷ್ಟವಾಗಿದೆ,” ಎಂದರು ವಕೀಲರು. “ಎಲ್ಲಿ, ಒಮ್ಮೆ ಮಾಡಿ ತೋರಿಸಲಿ.”

ಪೇದೆ ಎದ್ದು ನಿಂತು ಬಲಗೈ ಎತ್ತಿದ. ಎದೆಯವರೆಗೆ ಬಂತು. ಹಲ್ಲು ಕಚ್ಚಿ ಇನ್ನೊಂದು ಬೆರಳಷ್ಟು ಎಳೆದ. ಅಷ್ಟೆ.

“ಇಷ್ಟೇ ಮೇಡಂ ಇದು,” ಎಂದ. “ಬಸ್ಸು ತಾಗಿತ್ತು. ಹನ್ನೊಂದು ವರ್ಷ ಆಯ್ತು. ಹೇಳಿದ್ರೆ ಚೌಕದಿಂದ ಎತ್ತಿ ಒಳಗೆ ಕೂರಿಸ್ತಾರೆ ಅಂತ ಹೇಳಲಿಲ್ಲ. ಬಚ್ಚಿಟ್ಟಿದ್ದು ನನ್ನ ತಪ್ಪು. ಆದ್ರೆ ಆ ಗಾಡಿ ನಿಂತಿದ್ದು ನನ್ನ ತಪ್ಪಲ್ಲ.”

ವಕೀಲರು ಗೆದ್ದವರ ಹಾಗೆ ಹಿಂದಕ್ಕೆ ಒರಗಿದರು. ಅಧಿಕಾರಿ ಮಾತ್ರ ದಪ್ಪ ಪುಸ್ತಕ ತೆರೆದು, ಬೆರಳಿಟ್ಟು ಓದಿದರು: ಸಮವಸ್ತ್ರದಲ್ಲಿರುವ ಪೊಲೀಸರು ಕೈಯಿಂದಾಗಲಿ, ಮಾತಿನಿಂದಾಗಲಿ, ಬೇರೆ ಯಾವುದೇ ರೀತಿಯಿಂದಾಗಲಿ ಸ್ಪಷ್ಟವಾಗಿ ತಿಳಿಯುವಂತೆ ಕೊಟ್ಟ ಸೂಚನೆಯನ್ನು ಚಾಲಕನು ಪಾಲಿಸತಕ್ಕದ್ದು.

“ಚಾಲಕ ಅಂತಿದೆ ಮೇಡಂ. ಈ ಗಾಡಿಯಲ್ಲಿ ಚಾಲಕನೇ ಇಲ್ಲವಲ್ಲ,” ಎಂದರು ವಕೀಲರು.

“ಕೆಂಪು ದೀಪ ಪಾಲಿಸಿದ ಅಂತ ಹೊಗಳಿಸಿಕೊಳ್ಳುವಾಗ ಚಾಲಕ ಇರ್ತಾನೆ, ದಂಡ ಅಂದಾಗ ಇರಲ್ಲ. ಒಳ್ಳೇ ಸಂಸಾರ ನಿಮ್ಮದು.” ಅಧಿಕಾರಿ ಇನ್ನೊಂದು ಕಾಗದ ಎಳೆದರು. “ರಸ್ತೆಗೆ ಬಿಡೋ ಅನುಮತಿ ಕೇಳುವಾಗ, ಚಾಲಕನ ಹೊಣೆಯೆಲ್ಲ ನಮ್ಮದು ಅಂತ ನಿಮ್ಮ ಕಂಪನಿ ಸಹಿ ಹಾಕಿದೆ. ಇದು ನಿಮ್ಮದೇ ಮೊಹರು ತಾನೇ? ಹೊಣೆ ಯಾರದ್ದು ಅನ್ನೋದು ಮುಗೀತು. ಉಳಿದಿದ್ದು ಒಂದೇ. ಆ ಸನ್ನೆ ಸ್ಪಷ್ಟವಾಗಿತ್ತಾ?”

ಆಂಬುಲೆನ್ಸ್ ಚಾಲಕ ಕೈ ಎತ್ತಿದ. “ಮೇಡಂ, ಒಂಬತ್ತು ವರ್ಷದಿಂದ ಈ ಚೌಕ ದಾಟ್ತಿದೀನಿ. ಅವರ ಗದ್ದ ನನಗೆ ದೀಪಕ್ಕಿಂತ ಮೊದಲು ಕಾಣುತ್ತೆ.”

“ಅವರು ಸ್ನೇಹಿತರು,” ಎಂದರು ವಕೀಲರು.

“ಸ್ನೇಹ ಎಲ್ಲಿ ಬಂತು ಸ್ವಾಮಿ? ನನಗೇ ಎರಡು ಸಲ ದಂಡ ಹಾಕಿದಾರೆ.”

ಆಗ ಅಷ್ಟು ಹೊತ್ತು ತಲೆ ತಗ್ಗಿಸಿ ಕೂತಿದ್ದ ಎಂಜಿನಿಯರ್ ಹುಡುಗಿ ಗಂಟಲು ಸರಿಮಾಡಿಕೊಂಡಳು. ವಕೀಲರು ಅವಳತ್ತ ಕಣ್ಣು ಬಿಟ್ಟರು. ಅವಳು ನೋಡದ ಹಾಗೆ ಮಾಡಿ ಚಿತ್ರವನ್ನು ಹಿಂದಕ್ಕೆ ತಿರುಗಿಸಿದಳು.

“ಮೇಡಂ, ಅವರನ್ನ ಬಿಟ್ಟು ಸುತ್ತಲಿನ ಗಾಡಿಗಳನ್ನ ನೋಡಿ. ಅವರು ಮೊದಲ ಸಲ ಗದ್ದ ಆಡಿಸಿದಾಗ ಹತ್ತೊಂಬತ್ತು ಗಾಡಿ ಅವರು ಹೇಳಿದ ಹಾಗೆ ನಿಂತವು, ಇಲ್ಲಾ ಸರಿದವು. ನಿನ್ನೆ ಕೂತು ಎಣಿಸಿದೆ. ಅರ್ಥ ಆಗದೇ ಇದ್ದದ್ದು ನಮ್ಮದಕ್ಕೆ ಮಾತ್ರ. ನಾವು ಅದಕ್ಕೆ ಪುಸ್ತಕದ ಆರು ಚಿತ್ರ ಕಲಿಸಿದ್ವಿ. ಮನುಷ್ಯರನ್ನ ಕಲಿಸಲಿಲ್ಲ.”

ಎದುರು ಪಕ್ಷದ ಕುರ್ಚಿಯಿಂದ ಅಂಥ ಮಾತು ಬರಬಹುದೆಂದು ಪೇದೆ ಎಣಿಸಿರಲಿಲ್ಲ.

ತೀರ್ಮಾನ ಅಲ್ಲೇ ಬಂತು. ದಂಡ ನಿಲ್ಲುತ್ತದೆ, ಖಾಲಿ ಸೀಟು ಎಂಬಲ್ಲಿ ಕಂಪನಿಯ ಹೆಸರು ಬರೆಯತಕ್ಕದ್ದು. ಪರೀಕ್ಷೆಯಲ್ಲಿ ತೇರ್ಗಡೆಯಾಗುವ ತನಕ ಆ ಗಾಡಿಗಳು ಆಸ್ಪತ್ರೆ ಚೌಕಕ್ಕೆ ಬರುವಂತಿಲ್ಲ. ಪರೀಕ್ಷೆ ಮಾಡುವವನು ಇದೇ ಪೇದೆ. “ಇವರನ್ನ ಓದೋಕೆ ಬಂದರೆ ಊರಲ್ಲಿ ಯಾರನ್ನ ಬೇಕಾದ್ರೂ ಓದುತ್ತೆ,” ಎಂದರು ಅಧಿಕಾರಿ. ಪೇದೆಯ ಮುಖ ಅರಳುವಷ್ಟರಲ್ಲಿ ಅವನತ್ತ ತಿರುಗಿದರು. “ನೀವು ಜಾಸ್ತಿ ಹಿಗ್ಗಬೇಡಿ. ನಾಳೆಯೇ ವೈದ್ಯರ ಮಂಡಳಿ ಮುಂದೆ ಹೋಗ್ತೀರ. ಅವರು ಆಗಬಹುದು ಅನ್ನೋವರೆಗೆ ನಿಮಗೂ ಚೌಕ ಇಲ್ಲ.”

ಹೀಗೆ ಅವನು ಯಾವುದಕ್ಕೆ ಹೆದರಿದ್ದನೋ ಆ ರೆಕಾರ್ಡ್ ರೂಮಿಗೇ ಹೋಗಬೇಕಾಯಿತು. ಮಂಡಿನೋವಿನ ಹಳೆಯ ಜೊತೆಗಾರ ಕುರ್ಚಿಯ ಧೂಳು ಹೊಡೆದು, “ಬಾ, ನಿನಗೋಸ್ಕರ ಕಿಟಕಿ ಪಕ್ಕದ್ದು ಇಟ್ಟಿದೀನಿ,” ಎಂದ. ಮಾತಾಡುತ್ತ ಕೂತರೆ ಮನುಷ್ಯ ಮೊದಲಿನಷ್ಟೇ ತಮಾಷೆಯವನು. ಇಷ್ಟು ವರ್ಷ ಅವನನ್ನು ದೂರದಿಂದ ನೋಡಿ ಮರುಗಿದೆನಲ್ಲ, ಒಂದು ಸಲವೂ ಒಳಗೆ ಬಂದು ಕೂರಲಿಲ್ಲವಲ್ಲ ಎಂದು ಪೇದೆಗೆ ನಾಚಿಕೆಯಾಯಿತು.

ಮಂಡಳಿಯ ಡಾಕ್ಟರು ಭುಜ ತಿರುಗಿಸಿ ನೋಡಿ ಬೈದರು. “ಮುರಿದಿದ್ದು ಯಾವತ್ತೋ ಕೂಡಿದೆ, ಕೀಲು ಬಿಗಿದುಕೊಂಡಿದೆ. ಹತ್ತು ವರ್ಷದ ಹಿಂದೆ ಬಂದಿದ್ರೆ ಮೂರು ತಿಂಗಳ ಕೆಲಸ. ಈಗ ಪೂರ್ತಿ ಸಡಿಲ ಆಗಲ್ಲ. ಆದಷ್ಟು ಆಗುತ್ತೆ.” ಗೋಡೆಗೆ ಎದುರಾಗಿ ನಿಂತು ಬೆರಳುಗಳನ್ನು ಜೇಡದ ಹಾಗೆ ಮೇಲಕ್ಕೆ ಹತ್ತಿಸುವ ವ್ಯಾಯಾಮ ಹೇಳಿಕೊಟ್ಟರು. ಮನೆಯಲ್ಲಿ ಹೆಂಡತಿ ಪಕ್ಕದಲ್ಲಿ ನಿಂತು ಮಾಡಿಸುತ್ತಿದ್ದಳು. ಅವನು ನೋವಿಗೆ ಬೈದರೆ ಅವಳು, “ಬೈಯೋದು ಬೈಯಿರಿ, ಕೈ ಇಳಿಸಬೇಡಿ,” ಎನ್ನುತ್ತಿದ್ದಳು.

ಒಂದು ಭಾನುವಾರ ಬೆಳಗ್ಗೆ ಚೌಕಕ್ಕೆ ಅಡ್ಡಗಟ್ಟೆ ಹಾಕಿ ಪರೀಕ್ಷೆ ಇಟ್ಟರು. ಹುಡುಗಿ ಗಾಡಿಯ ಹಿಂದಿನ ಸೀಟಿನಲ್ಲಿ. ಪೇದೆ ನಡುವೆ ನಿಂತು ಒಂದೊಂದೇ ಸೂಚನೆ ಕೊಟ್ಟ. ನಿಲ್ಲು ಎಂದರೆ ನಿಂತಿತು, ಬಾ ಎಂದರೆ ಬಂತು, ಹುಬ್ಬು ಏರಿಸಿದರೆ ಹಿಂದಕ್ಕೆ ಹೋಯಿತು. ಪರವಾಗಿಲ್ಲ ಎಂದುಕೊಂಡ. ಬಿಸಿಲಿಗೆ ಕತ್ತು ಬೆವರಿತ್ತು. ಗದ್ದ ಎತ್ತಿ ತೋಳಿನಿಂದ ಒರೆಸಿಕೊಂಡ. ಗಾಡಿ ಸರಕ್ಕನೆ ಕೆಂಪು ದೀಪ ದಾಟಿ ಅವನ ಕಾಲ ಬಳಿ ಬಂದು ನಿಂತಿತು.

“ಫೇಲ್,” ಎಂದ.

ಹುಡುಗಿ ಇಳಿದು ಬಂದಳು. “ಸಾರ್, ನೀವೇ ತಾನೇ ಗದ್ದ ಎತ್ತಿದ್ದು?”

“ಗದ್ದ ನನ್ನದೇ. ಕಣ್ಣು ನಿನ್ನ ಗಾಡಿ ಮೇಲೆ ಇತ್ತಾ? ಯಾರನ್ನ ನೋಡಿ ಗದ್ದ ಆಡಿಸ್ತೀನೋ ಅವರನ್ನ ಕರೆದ ಹಾಗೆ. ಮೊದಲು ಕಣ್ಣು ಕೂಡಬೇಕು, ಆಮೇಲೆ ಗದ್ದ. ಕಣ್ಣು ಕೂಡದೆ ಯಾವ ಲಾರಿಯವನೂ ಹೊರಡಲ್ಲ.”

ಹುಡುಗಿ ಬರೆದುಕೊಂಡಳು. ಬರೆದು, “ಇನ್ನೇನೇನು ಮಾಡ್ತೀರ ಸಾರ್?” ಎಂದಳು.

ಅವನು ಬಾಯಿ ತೆರೆದ, ಹೇಳುತ್ತ ಹೋದ. ಬೇಗ ಹೊರಡಲಿ ಎನ್ನುವಾಗ ಭಾರವನ್ನು ಮುಂದಿನ ಕಾಲಿಗೆ ಹಾಕುತ್ತೇನೆ. ನಿಲ್ಲಿಸುವಾಗ ಎದೆಯನ್ನು ಪೂರ್ತಿ ಆ ಕಡೆಗೆ ತಿರುಗಿಸುತ್ತೇನೆ. ಮುದುಕರು ದಾಟುತ್ತಿದ್ದರೆ ಗಾಡಿಯವರನ್ನು ನೋಡುವುದಿಲ್ಲ, ಮುದುಕರನ್ನು ನೋಡುತ್ತೇನೆ. ಗಾಡಿಯವರಿಗೆ ಅಷ್ಟರಲ್ಲೇ ತಿಳಿಯುತ್ತದೆ. ಇವೆಲ್ಲ ತನಗೆ ಗೊತ್ತು ಎಂಬುದೇ ಅವನಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ಯಾಕೆ ದಂಡ ಹಾಕಿದೆ ಎಂದು ಕೇಳಿದವರು ಸಾವಿರ ಮಂದಿ. ಈ ಕೆಲಸ ಹೇಗೆ ಮಾಡುತ್ತೀಯ ಎಂದು ಕೇಳಿದವಳು ಇವಳೊಬ್ಬಳೇ. ಬಿಸಿಲು ನೆತ್ತಿಗೆ ಬಂದರೂ ಇಬ್ಬರೂ ಕಟ್ಟೆಯ ಮೇಲೆ ಕೂತೇ ಇದ್ದರು.

ಆಮೇಲೆ ಮೂರು ಭಾನುವಾರ ಅದೇ ಕೆಲಸ. ಮೂರನೆಯ ಸಲ ಅವನು ಬೇಕೆಂದೇ ಸೀನಿದ, ಮೂಗು ತುರಿಸಿಕೊಂಡ, ಗೋಣು ಅಲ್ಲಾಡಿಸಿ ಯಾರನ್ನೋ ಮಾತಾಡಿಸಿದ. ಗಾಡಿ ಮಿಸುಕಲಿಲ್ಲ. ನೇರ ಅದರತ್ತ ನೋಡಿ ಗದ್ದ ನೂಕಿದ. ಹೊರಟಿತು. ತೀರಾ ಅರ್ಥವಾಗದ ಸನ್ನೆಯೊಂದನ್ನು ಮಾಡಿದ. ಅದು ಪಕ್ಕಕ್ಕೆ ಸರಿದು ನಿಂತು, ಫೋನಿನಲ್ಲಿ ಕಂಪನಿಯ ಮನುಷ್ಯನೊಬ್ಬನನ್ನು ಕರೆದು ಏನು ಮಾಡಲೆಂದು ಕೇಳಿತು. ಪೇದೆ ಸಹಿ ಹಾಕಿದ.

ಮಂಡಳಿಯ ಕಾಗದವೂ ಅದೇ ವಾರ ಬಂತು: ಎಡಗೈಯಿಂದ ಸೂಚನೆ ಕೊಡಲು ಅಡ್ಡಿಯಿಲ್ಲ, ಉದ್ದನೆಯ ಬಿಳಿ ಕೈಗವಸು ಹಾಕತಕ್ಕದ್ದು, ಪಾಳಿ ಅರ್ಧ ದಿನ. ಮಿಕ್ಕ ಅರ್ಧ ದಿನ ಹೊಸ ಪೇದೆಗಳಿಗೂ ಹೊಸ ಗಾಡಿಗಳಿಗೂ ಸನ್ನೆ ಕಲಿಸುವುದು.

ಚೌಕಕ್ಕೆ ಮರಳಿ ನಾಲ್ಕನೆಯ ದಿನ ಪೇಟೆ ರಸ್ತೆಯಿಂದ ಆಂಬುಲೆನ್ಸ್ ಕೂಗಿತು. ಕೆಂಪು ದೀಪ. ಸಾಲಿನ ಮೊದಲಲ್ಲಿ ಬಿಳಿ ಗಾಡಿ. ಪೇದೆ ಮೂರು ರಸ್ತೆ ನಿಲ್ಲಿಸಿದ. ತಿರುಗಿ, ಬೋಗುಣಿಯಂಥ ಆ ಉಬ್ಬಿನ ಕೆಳಗೆ ಕಣ್ಣು ಎಲ್ಲಿರಬಹುದೋ ಅಲ್ಲಿಗೆ ಕಣ್ಣಿಟ್ಟು ಗದ್ದ ನೂಕಿದ.

ಗಾಡಿ ಕೆಂಪು ದೀಪ ದಾಟಿ ಮುಂದೆ ಬಂದು ಬದಿಗೆ ಸರಿಯಿತು. ಆಂಬುಲೆನ್ಸ್ ಗಾಳಿ ಸೀಳಿಕೊಂಡು ಆಸ್ಪತ್ರೆ ಗೇಟಿನೊಳಗೆ ಹೋಯಿತು. ಚಾಲಕ ಕಿಟಕಿಯಿಂದ ಎರಡು ಬೆರಳು ಎತ್ತಿ ತೋರಿಸಿದ. ಇದೇ ಸಂದಿನಲ್ಲಿ ಹಾಲಿನ ವ್ಯಾನಿನವನೂ ಆಂಬುಲೆನ್ಸಿನ ಬಾಲ ಹಿಡಿದು ಮೆಲ್ಲಗೆ ನುಸುಳಿದ್ದ. ಪೇದೆ ಬಿಳಿ ಕೈಗವಸು ಚಾಚಿ ಅವನನ್ನು ಹಿಡಿದು ನಿಲ್ಲಿಸಿದ.

“ನಿನ್ನನ್ನ ಕರೆದೆನೇನೋ?”

“ಗದ್ದ ಮಾಡಿದ್ರಲ್ಲ ಸಾಹೇಬ್ರೇ.”

“ಕಣ್ಣು ಯಾರ ಮೇಲಿತ್ತು?” ಪೇದೆ ಬದಿಗೆ ನಿಂತ ಬಿಳಿ ಗಾಡಿಯತ್ತ ತೋರಿಸಿದ. “ಅದಕ್ಕೆ ಗೊತ್ತಾಗುತ್ತೆ, ಹದಿನೈದು ವರ್ಷದಿಂದ ನನ್ನ ಮುಂದೆ ಓಡಾಡೋ ನಿನಗೆ ಗೊತ್ತಾಗಲ್ಲ. ಭಾನುವಾರ ಬೆಳಗ್ಗೆ ಬಾ. ಅದರ ಪಕ್ಕದಲ್ಲಿ ನಿಲ್ಲಿಸಿ ನಿನಗೂ ಕಲಿಸ್ತೀನಿ.”

ಹಸಿರು ಬಿತ್ತು. ಅವನು ಬದಿಗೆ ಸರಿದು ಎರಡೂ ಗಾಡಿಗಳಿಗೆ ಒಟ್ಟಿಗೇ ದಾರಿ ಬಿಟ್ಟ.